ಲೀಟರಿಗೆ ಎಷ್ಟು ಕೊಡುತ್ತೆ? ಡೀಸೆಲ್ ಗಾಡಿ ಮೈಲೇಜಿನ ಹಳೇ ಕತೆ, ನಮ್ಮ ಬಾಕ್ಸಿನ ಲೆಕ್ಕ



ಈ ಸಲ ಬೆಳೆ, ಗೊಬ್ಬರ, ಔಷಧಿ ಬಿಟ್ಟು ಗಾಡಿ ಬಗ್ಗೆ ಬರೀತಾ ಇದ್ದೀನಿ. ಕಾರಣ ಇದೆ. ನಮ್ಮ ಕೋಲಾರದ ಕಡೆ ಟೊಮೆಟೊ ರೇಟು ಬಿದ್ದಾಗ ಎಲ್ಲರ ಬಾಯಲ್ಲೂ ಬರೋ ಮೊದಲ ಮಾತು, "ಕಿತ್ತು ಮಂಡಿಗೆ ಹಾಕಿದ್ರೆ ಗಾಡಿ ಖರ್ಚಾದ್ರೂ ಗಿಟ್ಟುತ್ತಾ?" ಅನ್ನೋದು. ರೇಟು ನಮ್ಮ ಕೈಲಿಲ್ಲ. ಕೂಲಿ ಕಮ್ಮಿ ಮಾಡೋಕೆ ಆಗಲ್ಲ. ಕಮಿಷನ್ ಕೇಳೋ ಹಾಗೇ ಇಲ್ಲ. ಸ್ವಲ್ಪನಾದ್ರೂ ನಮ್ಮ ಹಿಡಿತದಲ್ಲಿ ಇರೋದು ತೋಟದಿಂದ ಮಂಡಿವರೆಗಿನ ಡೀಸೆಲ್ ಒಂದೇ.

ಅದಕ್ಕೇ ಈಗ ಸುತ್ತಮುತ್ತ ಹಳ್ಳಿಗಳಲ್ಲಿ ಎರಡು ಮಾತು ಓಡಾಡ್ತಿವೆ. ಒಂದು, ಹಳೇ ಡೀಸೆಲ್ ಗಾಡಿ ಮಾರಿ, ಸಾಲ ಮಾಡಿಯಾದ್ರೂ ಹೊಸದು ತಗೊಂಡ್ರೆ ಮೈಲೇಜಿನಲ್ಲೇ ಕಂತು ಕಟ್ಟಬಹುದು ಅನ್ನೋದು. ಇನ್ನೊಂದು, ಡೀಸೆಲ್ ಪೈಪಿಗೆ ಕಟ್ಟೋ ಅಯಸ್ಕಾಂತ, ಟ್ಯಾಂಕಿಗೆ ಸುರಿಯೋ ಔಷಧಿ ಹಾಕಿದ್ರೆ ಹಳೇ ಗಾಡಿನೇ ಜಾಸ್ತಿ ಕೊಡುತ್ತೆ ಅನ್ನೋದು. ಎರಡರಲ್ಲೂ ದುಡ್ಡು ನಮ್ಮ ಜೇಬಿಂದಲೇ ಹೋಗೋದು. ಹಾಗಾಗಿ ತೀರ್ಮಾನಕ್ಕೆ ಮೊದಲು, ಈ ಡೀಸೆಲ್ ಇಂಜಿನ್ ಮೈಲೇಜ್ ಎಲ್ಲಿಂದ ಬಂತು, ಯಾವ ಯಾವ ಕಾಲದಲ್ಲಿ ಏನು ಬದಲಾಗಿ ಎಷ್ಟು ಉಳೀತು ಅನ್ನೋದನ್ನ ಒಂದು ಸಲ ತಿರುಗಿ ನೋಡೋದು ಒಳ್ಳೇದು ಅನ್ನಿಸ್ತು. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ಡೀಸೆಲ್ ಅನ್ನೋದು ಎಣ್ಣೆ ಹೆಸರಲ್ಲ, ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವರು. ತಂದೆ ತಾಯಿ ಜರ್ಮನಿಯ ಬವೇರಿಯಾ ಕಡೆಯವರು. ಮ್ಯೂನಿಕ್‌ನಲ್ಲಿ ಓದುವಾಗ ಕಾರ್ಲ್ ಫಾನ್ ಲಿಂಡೆ ಅನ್ನೋರು ಅವರಿಗೆ ಮೇಷ್ಟ್ರು. ಈ ಲಿಂಡೆ ಯಾರು ಅಂದ್ರೆ, ಯಂತ್ರದಿಂದ ಮಂಜುಗಡ್ಡೆ ಮಾಡೋ ವಿದ್ಯೆ ಬೆಳೆಸಿದವರು. ಇವತ್ತು ನಾವು ಆಲೂಗಡ್ಡೆ, ಹುಣಸೆಹಣ್ಣು ಇಡೋ ಕೋಲ್ಡ್ ಸ್ಟೋರೇಜಿನ ಬೇರು ಅಲ್ಲಿದೆ. ಉಗಿ ಇಂಜಿನ್ನು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಭಾಗವನ್ನೂ ಸರಿಯಾಗಿ ಕೆಲಸಕ್ಕೆ ಹಚ್ಚೋದಿಲ್ಲ ಅಂತ ಪಾಠದಲ್ಲಿ ಕೇಳಿದ ಡೀಸೆಲ್‌ಗೆ, ಉಳಿದ ತೊಂಬತ್ತು ಎಲ್ಲಿ ಹೋಗುತ್ತೆ ಅನ್ನೋದೇ ಜೀವಮಾನದ ಚಿಂತೆ ಆಯ್ತು. ಇನ್ನೊಂದು ವಿಷಯ ನಮ್ಮಂಥವರಿಗೆ ಹಿಡಿಸೋದು. ಉಗಿ ಇಂಜಿನ್ ಇಡೋ ತಾಕತ್ತು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಇತ್ತು. ಸಣ್ಣ ಕಸುಬುದಾರನೂ ಇಟ್ಟುಕೊಳ್ಳೋ ಹಾಗೆ ಕಡಿಮೆ ಖರ್ಚಿನ ಇಂಜಿನ್ ಬೇಕು ಅನ್ನೋದು ಅವರ ಆಸೆ. ಅಂದ್ರೆ ಡೀಸೆಲ್ ಇಂಜಿನ್ ಹುಟ್ಟಿದ್ದೇ ಮೈಲೇಜಿಗೋಸ್ಕರ, ಸಣ್ಣವರಿಗೋಸ್ಕರ.

ಅವರ ಉಪಾಯ ಸರಳ. ಸೈಕಲ್ ಪಂಪು ಜೋರಾಗಿ ಒತ್ತಿದ್ರೆ ತುದಿ ಬಿಸಿ ಆಗುತ್ತಲ್ವಾ? ಗಾಳಿ ಒತ್ತಿದ್ರೆ ಕಾಯುತ್ತೆ. ಇನ್ನೂ ಜೋರಾಗಿ ಒತ್ತಿದ್ರೆ ಎಷ್ಟು ಕಾಯುತ್ತೆ ಅಂದ್ರೆ, ಅದರೊಳಕ್ಕೆ ಎಣ್ಣೆ ಬಿಟ್ಟ ತಕ್ಷಣ ಬೆಂಕಿಕಡ್ಡಿ ಗೀರದೇನೇ ಹತ್ತಿಕೊಳ್ಳುತ್ತೆ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯನ್ನ ಸುಮಾರು ಒಂಬತ್ತು ಹತ್ತು ಪಟ್ಟು ಒತ್ತುತ್ತೆ, ಆಮೇಲೆ ಪ್ಲಗ್ ಕಿಡಿ ಕೊಡುತ್ತೆ. ಡೀಸೆಲ್ಲಿನಲ್ಲಿ ಹದಿನಾರರಿಂದ ಇಪ್ಪತ್ತೆರಡು ಪಟ್ಟು. ಹೆಚ್ಚು ಒತ್ತಿದಷ್ಟೂ ಅದೇ ಎಣ್ಣೆಯಿಂದ ಹೆಚ್ಚು ಕೆಲಸ ಸಿಗುತ್ತೆ. ಮೈಲೇಜಿನ ಮೊದಲ ಗುಟ್ಟು ಇದು. ಇಂಜಿನ್ ರಿಂಗು, ವಾಲ್ವು ಸವೆದು ಕಂಪ್ರೆಷನ್ ಹೋಯ್ತು ಅಂದ್ರೆ ಈ ಗುಟ್ಟೇ ಸೋರಿ ಹೋಯ್ತು ಅಂತ ಅರ್ಥ. ಆಮೇಲೆ ಏನು ಹಾಕಿದ್ರೂ ವಾಪಸ್ ಬರಲ್ಲ.

1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1893ರಲ್ಲಿ ಆಗ್ಸ್‌ಬರ್ಗ್ ಊರಿನ ಕಾರ್ಖಾನೆಯಲ್ಲಿ ಮೊದಲ ಇಂಜಿನ್ ಪರೀಕ್ಷೆ ಮಾಡಿದ್ರು. ಒತ್ತಡ ತಡೀದೆ ಅಳತೆ ಮಾಡೋ ಉಪಕರಣವೇ ಸಿಡೀತು. ನಾಲ್ಕು ವರ್ಷ ತಿದ್ದಿ ತಿದ್ದಿ, 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಅನ್ನೋರು ಅಳತೆ ಮಾಡಿದಾಗ, ಎಣ್ಣೆಯ ಶಾಖದಲ್ಲಿ ನೂರಕ್ಕೆ 26.2 ಭಾಗ ಕೆಲಸಕ್ಕೆ ಬಂತು. ಇವತ್ತಿಗೆ ಇದು ಕಮ್ಮಿ ಅನ್ನಿಸಬಹುದು. ಈಗಿನ ಒಳ್ಳೇ ಲಾರಿ ಇಂಜಿನ್ನು 40 ದಾಟುತ್ತೆ. ಆದ್ರೆ ಆ ಕಾಲದ ಉಗಿ ಇಂಜಿನ್ ಪಕ್ಕ ಇಟ್ಟು ನೋಡಿದ್ರೆ ಒಂದೇ ಏಟಿಗೆ ಎರಡೂವರೆ ಪಟ್ಟು.

ಇಲ್ಲೊಂದು ಲೆಕ್ಕ ತಲೇಲಿ ಇಟ್ಕೊಳ್ಳಿ. ಒಂದು ಲೀಟರ್ ಡೀಸೆಲ್ಲಿನೊಳಗೆ ಇರೋ ಶಾಖ ಹೆಚ್ಚುಕಮ್ಮಿ ಹತ್ತು ಯೂನಿಟ್ ಕರೆಂಟಿಗೆ ಸಮ. ಅದರಲ್ಲಿ ಚಕ್ರಕ್ಕೆ ತಲುಪೋದು ಮೂರು, ಬಹಳ ಅಂದ್ರೆ ನಾಲ್ಕು ಯೂನಿಟ್. ಉಳಿದಿದ್ದು ಸೈಲೆನ್ಸರ್ ಹೊಗೇಲಿ, ರೇಡಿಯೇಟರ್ ಬಿಸೀಲಿ ಹೋಗುತ್ತೆ. ನೂರು ವರ್ಷದಿಂದ ಇಂಜಿನಿಯರುಗಳು ಹೊಡೆದಾಡ್ತಾ ಇರೋದು ಆ ಆರು ಏಳು ಯೂನಿಟ್ಟಿನಲ್ಲಿ ಅರ್ಧ, ಒಂದು ಯೂನಿಟ್ ಕಿತ್ಕೊಳ್ಳೋಕೆ. ಹಾಗಿರುವಾಗ ಐವತ್ತು ರೂಪಾಯಿ ಅಯಸ್ಕಾಂತ ಪೈಪಿಗೆ ಕಟ್ಟಿ ಇಪ್ಪತ್ತು ಪರ್ಸೆಂಟ್ ಉಳಿಸ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಯೋಚನೆ ಮಾಡಿ. ಅಮೆರಿಕ ಸರ್ಕಾರದ ಪರಿಸರ ಸಂಸ್ಥೆಯವರು ಇಂಥ ನೂರಕ್ಕೂ ಹೆಚ್ಚು ಸಾಮಾನುಗಳನ್ನ ಪರಿಶೀಲಿಸಿ, ಹೇಳಿಕೊಳ್ಳೋ ಹಾಗೆ ಉಳಿಸೋದು ಒಂದೂ ಸಿಗಲಿಲ್ಲ ಅಂತ ಕೈತೊಳಕೊಂಡಿದ್ದಾರೆ.

ಮತ್ತೆ ಕತೆಗೆ ಬರೋಣ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಆಫ್ರಿಕಾದ ತಮ್ಮ ವಸಾಹತುಗಳಲ್ಲಿ ಕಡಲೆಕಾಯಿ ಧಾರಾಳ ಬೆಳೆಯುತ್ತೆ, ಅಲ್ಲಿಯ ಎಣ್ಣೇಲೇ ಇಂಜಿನ್ ಓಡಿಸಬಹುದಾ ಅಂತ ಫ್ರೆಂಚ್ ಸರ್ಕಾರಕ್ಕೆ ಆಸೆ ಇತ್ತು. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೇಲಿ ಡೀಸೆಲ್ ಇಂಜಿನ್ ಓಡಿಸಿ ತೋರಿಸಿದ್ದು ಬಹಳ ಜನಕ್ಕೆ ನೆನಪಿರಬಹುದು. ಒಂದೇ ವೇಗದಲ್ಲಿ ನಿಂತ ಕಡೆ ಓಡೋ ಪಂಪ್‌ಸೆಟ್ಟು, ಜನರೇಟರಿಗೆ ಅದು ಸರಿ. ಗಾಡಿಗೆ ಹಸಿ ಎಣ್ಣೆ ಸುರೀಬೇಡಿ. ಎಣ್ಣೆ ಮಂದ ಇರುತ್ತೆ, ನಾಜಲ್ ಕಟ್ಟುತ್ತೆ. ಅದನ್ನ ರಾಸಾಯನಿಕವಾಗಿ ತಿಳಿ ಮಾಡಿದ ಮೇಲೇ ಬಯೋಡೀಸೆಲ್ ಅಂತ ಕರೆಯೋದು.

ರುಡಾಲ್ಫ್ ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೋಗ್ತಾ ಇದ್ದ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ್ರು, ಆಮೇಲೆ ಸಮುದ್ರದಲ್ಲಿ ಹೆಣ ಸಿಕ್ಕಿತು. ಅಷ್ಟು ಹೊತ್ತಿಗೆ ಅವರ ಇಂಜಿನ್ನು ಕಾರ್ಖಾನೆ, ಹಡಗುಗಳಿಗೆ ಬಂದಿತ್ತು, ರಸ್ತೆಗೆ ಇಳಿದಿರಲಿಲ್ಲ. ಯಾಕೆ ಅಂದ್ರೆ ಆಗ ಎಣ್ಣೆಯನ್ನ ಸಿಲಿಂಡರೊಳಕ್ಕೆ ಊದೋಕೆ ಒಂದು ದೊಡ್ಡ ಗಾಳಿ ಕಂಪ್ರೆಸರ್ ಬೇಕಿತ್ತು. ಅದರ ತೂಕ ಹೊರೋಕೇ ಒಂದು ಗಾಡಿ ಬೇಕಾಗ್ತಿತ್ತು. ಆ ಗಂಟು ಬಿಚ್ಚಿದ್ದು ಪಂಪು. 1927ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಕಂಪನಿ ಎಣ್ಣೆಯನ್ನೇ ಒತ್ತಿ, ಹೊತ್ತು ನೋಡಿ, ಅಳತೆ ಮಾಡಿ ಕಳಿಸೋ ಪಂಪನ್ನ ಸಾಲಾಗಿ ತಯಾರಿಸೋಕೆ ಶುರು ಮಾಡಿತು. ಆಮೇಲೆ ಲಾರಿಗಳಲ್ಲಿ ಡೀಸೆಲ್ ಹರಡಿತು. 1936ರಲ್ಲಿ ಮರ್ಸಿಡಿಸ್‌ನವರು 260 ಡಿ ಅನ್ನೋ ಡೀಸೆಲ್ ಕಾರು ಬಿಟ್ರು. ಬಾಡಿಗೆ ಟ್ಯಾಕ್ಸಿ ಓಡಿಸೋರು ಅದನ್ನ ಮೆಚ್ಚಿಕೊಂಡ್ರು. ಅವರಿಗೂ ನಮ್ಮ ಹಾಗೇ ದಿನಾ ಸಂಜೆ ಎಣ್ಣೆ ಲೆಕ್ಕ ಇರುತ್ತಲ್ಲ.

ಈ ಪಂಪಿನ ಕತೆ ನಮ್ಮ ಹತ್ತಿರದ್ದೇ. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ಜೊತೆ ಸೇರಿ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗು ಮಾಡ್ತು. ನಮ್ಮ ಕಡೆ ಎಷ್ಟೋ ಮನೆ ಹುಡುಗರು ಅಲ್ಲಿ ಕೆಲಸಕ್ಕೆ ಸೇರಿ ಬದುಕು ಕಟ್ಟಿಕೊಂಡ್ರು. ಹಳೇ ಮೆಕ್ಯಾನಿಕ್ಕುಗಳು ಈಗಲೂ "ಮೈಕೋ ಪಂಪು" ಅಂತಲೇ ಕರೆಯೋದು.

ನಾಜಲ್ ವಿಷಯ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಔಷಧಿ ಹೊಡೆಯೋ ಪಂಪಿನ ನಾಜಲ್ ಹೊಸದಾಗಿದ್ದಾಗ ಮಂಜಿನ ಹಾಗೆ ಬೀಳುತ್ತೆ, ಎಲೆ ಎರಡೂ ಕಡೆ ನೆನೆಯುತ್ತೆ. ಸವೆದ ಮೇಲೆ ಧಾರೆ ಬೀಳುತ್ತೆ, ಡ್ರಮ್ಮು ಬೇಗ ಖಾಲಿ ಆಗುತ್ತೆ, ಹುಳ ಸಾಯಲ್ಲ. ಡೀಸೆಲ್ ಇಂಜಿನ್ನಿನಲ್ಲೂ ಅಷ್ಟೇ. ಹನಿ ಸಣ್ಣದಾದಷ್ಟು ಪೂರ್ತಿ ಉರಿಯುತ್ತೆ. ದಪ್ಪ ಹನಿ ಅರ್ಧ ಉರಿದು ಕಪ್ಪು ಹೊಗೆ ಆಗುತ್ತೆ. ಆ ಕಪ್ಪು ಹೊಗೆ ಬೇರೇನಲ್ಲ, ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲೇ.

ಇನ್ನೊಂದು ಬದಲಾವಣೆ ಹಳೇ ಮತ್ತು ಹೊಸ ಗಾಡಿ ವ್ಯತ್ಯಾಸ ತಿಳಿಯೋಕೆ ಮುಖ್ಯ. ಹಿಂದಿನ ಸಣ್ಣ ಡೀಸೆಲ್ ಇಂಜಿನ್ನುಗಳಲ್ಲಿ ಎಣ್ಣೆಯನ್ನ ನೇರವಾಗಿ ಪಿಸ್ಟನ್ ಮೇಲೆ ಚಿಮ್ಮಿಸ್ತಿರಲಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಕೋಣೆ, ಅದರಲ್ಲಿ ಮೊದಲು ಹತ್ತಿಸಿ, ಆ ಬೆಂಕಿ ಸಿಲಿಂಡರಿಗೆ ನುಗ್ಗೋ ಹಾಗೆ ಮಾಡ್ತಿದ್ರು. ಬೆಂಜ್ ಕಂಪನಿಯ ಪ್ರಾಸ್ಪರ್ ಲೋರಾಂಜ್ ಅನ್ನೋರು 1909ರಲ್ಲಿ ಕಂಡುಕೊಂಡ ಉಪಾಯ ಇದು. ಪಂಪಿನ ಒತ್ತಡ ಕಮ್ಮಿ ಇದ್ರೂ ನಡೆಯುತ್ತೆ, ಸದ್ದು ಕಮ್ಮಿ. ಆದ್ರೆ ಆ ಕೋಣೆ ಗೋಡೆಗೆ ಶಾಖ ಹೋಗುತ್ತೆ. ಒಲೆಗೆ ಎರಡು ಗೋಡೆ ಕಟ್ಟಿದ ಹಾಗೆ, ಗೋಡೆ ಕಾಯಿಸೋಕೇ ಸೌದೆ. ಬೆಳಗಿನ ಚಳೀಲಿ ಹಳೇ ಗಾಡಿಗೆ ಹೀಟರ್ ಹಾಕಿ ಕಾಯಬೇಕಾಗಿದ್ದು ಇದಕ್ಕೇ. ನೇರವಾಗಿ ಪಿಸ್ಟನ್ ಮೇಲೆ ಚಿಮ್ಮಿಸೋ ಇಂಜಿನ್ನು ಹೋಲಿಸಿದ್ರೆ ನೂರಕ್ಕೆ ಹತ್ತು ಹದಿನೈದು ಭಾಗ ಉಳಿಸುತ್ತೆ.

ಈಗ ನಮ್ಮ ರಸ್ತೆಗೆ ಬರೋಣ. ಸಾಮಾನು ಸಾಗಿಸೋ ಯಾವ ಗಾಡಿಯನ್ನ ಕಂಡ್ರೂ ನಾವು "ಟೆಂಪೋ" ಅಂತೀವಿ. ಆ ಮಾತು ಜರ್ಮನಿಯ ಹ್ಯಾಂಬರ್ಗ್‌ನ ಟೆಂಪೋ ಅನ್ನೋ ಕಂಪನಿಯ ಹೆಸರು. ಅವರ ಜೊತೆ ಸೇರಿ 1958ರಲ್ಲಿ ಬಜಾಜ್ ಟೆಂಪೋ ಶುರುವಾಯ್ತು. ಮೊದಲು ಮೂರು ಚಕ್ರದ ಗಾಡಿ, ಆಮೇಲೆ ಮೆಟಡೋರ್ ವ್ಯಾನು. ಮೆಟಡೋರ್ ಹೆಸರೂ ಹಾಗೇ ಊರ ಮಾತಾಗಿ ಬಿಡ್ತು. ಮದುವೆ ದಿಬ್ಬಣ, ಹಾಲಿನ ಕ್ಯಾನು, ಕೋಸು, ಟೊಮೆಟೊ ಎಲ್ಲದಕ್ಕೂ ಅದೇ. 80ರ ದಶಕದಲ್ಲಿ ಆ ಕಂಪನಿ ಮರ್ಸಿಡಿಸ್‌ನ ಓಎಂ 616 ಅನ್ನೋ 2.4 ಲೀಟರಿನ ಡೀಸೆಲ್ ಇಂಜಿನ್ನನ್ನ ಪರವಾನಗಿ ಪಡೆದು ಇಲ್ಲೇ ಮಾಡ್ತು. ಗಟ್ಟಿ ಇಂಜಿನ್ನು, ಆದ್ರೆ ಮೇಲೆ ಹೇಳಿದ ಪುಟ್ಟ ಕೋಣೆ ಜಾತೀದು.

ಅದಕ್ಕೂ ಮೊದಲು 1973ರಲ್ಲಿ ಒಂದು ದೊಡ್ಡ ಹೊಡೆತ ಬಿದ್ದಿತ್ತು. ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದಾಗ ಪೀಪಾಯಿಗೆ 3 ಡಾಲರ್ ಆಸುಪಾಸು ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯ್ತು. 1974ರಲ್ಲಿ ಅಮೆರಿಕದವರು ದೇಶಕ್ಕೆಲ್ಲ ಗಂಟೆಗೆ 55 ಮೈಲಿ ಮಿತಿ ಹಾಕಿದ್ರು. ನಮ್ಮಲ್ಲಿ 1978ರಲ್ಲಿ ಪಿಸಿಆರ್‌ಎ ಅನ್ನೋ ಪೆಟ್ರೋಲಿಯಂ ಉಳಿತಾಯದ ಸಂಸ್ಥೆ ಬಂತು. 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಿ ಅಂತ ಅವರ ಹಳೇ ಬುದ್ಧಿಮಾತು ಬಹಳ ಜನ ಕೇಳಿರ್ತೀರಿ. ರೈತರ ಪಂಪ್‌ಸೆಟ್ಟಿಗೆ ನೀರು ಸಲೀಸಾಗಿ ಬರೋ ಫುಟ್‌ವಾಲ್ವ್ ಹಾಕಿ, ಕಬ್ಬಿಣದ ಬದಲು ಪಿವಿಸಿ ಪೈಪ್ ಹಾಕಿ ಅಂತಲೂ ಅವರು ಹೇಳ್ತಾ ಬಂದ್ರು. ಗಮನಿಸಿ, ಇದರಲ್ಲಿ ಇಂಜಿನ್ ಬದಲಾಯಿಸೋ ಮಾತೇ ಇಲ್ಲ. ಇಂಜಿನ್ನಿಗೆ ಬೀಳೋ ಹೊರೆ ಕಮ್ಮಿ ಮಾಡೋ ಮಾತು.

80ರ ದಶಕದ ನಡುವೆ ಜಪಾನಿನ ನಾಲ್ಕು ಕಂಪನಿಗಳು ನಮ್ಮವರ ಜೊತೆ ಸೇರಿ ಹಗುರ ಲಾರಿ ತಂದವು: ಸ್ವರಾಜ್ ಮಾಜ್ದಾ, ಡಿಸಿಎಂ ಟೊಯೋಟಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ. ಕಮ್ಮಿ ತೂಕ, ಕಮ್ಮಿ ಎಣ್ಣೆ, ಇದೇ ಅವುಗಳ ಆಕರ್ಷಣೆ. ಅವಕ್ಕೆ ಉತ್ತರವಾಗಿ 1986ರಲ್ಲಿ ಟಾಟಾ 407 ಬಂತು. ಇವತ್ತಿಗೂ ಮುಂಜಾನೆ ಮಂಡಿ ಮುಂದೆ ನಿಂತ್ರೆ ಆ ನಾಲ್ಕರ ಮಕ್ಕಳು ಮೊಮ್ಮಕ್ಕಳಿಗಿಂತ 407ರ ಸಾಲೇ ಉದ್ದ ಕಾಣುತ್ತೆ.

ಆಮೇಲೆ 2005ರಲ್ಲಿ ಟಾಟಾ ಏಸ್. ಗಿರೀಶ್ ವಾಘ್ ಅನ್ನೋ ಇಂಜಿನಿಯರ್ ಮುಂದಾಳತ್ವದಲ್ಲಿ ಮಾಡಿದ ಗಾಡಿ. ಎರಡೇ ಸಿಲಿಂಡರು, 702 ಸಿಸಿ, 16 ಕುದುರೆ ಶಕ್ತಿ, ಕಂಪನಿ ಹೇಳಿದ ಹೊರೆ 750 ಕೆಜಿ. ಇಲ್ಲೊಂದು ಸ್ವಾರಸ್ಯ ಇದೆ, ನನ್ನ ಇಡೀ ಮಾತು ನಿಂತಿರೋದೇ ಇದರ ಮೇಲೆ. ಏಸಿನ ಮೊದಲ ಇಂಜಿನ್ನು ಹೊಸ ತಂತ್ರಜ್ಞಾನದ್ದಲ್ಲ, ಅದೇ ಹಳೇ ಪುಟ್ಟ ಕೋಣೆ ಜಾತೀದು. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಆದ್ರೂ ದೊಡ್ಡ ಗಾಡಿಗಳಿಗಿಂತ ಎರಡು ಪಟ್ಟಿಗೂ ಮೇಲೆ ಮೈಲೇಜ್ ಕೊಡ್ತು. ಯಾಕೆ? ಹೊರೆಗೆ ತಕ್ಕ ಗಾಡಿ. ಅರ್ಧ ಟನ್ ಸಾಮಾನಿಗೆ ಎರಡು ಟನ್ ಕಬ್ಬಿಣ ಎಳೆಯೋ ಕೆಲಸ ತಪ್ಪಿತು. ಮೈಲೇಜ್ ಇಂಜಿನ್ನಿನ ಒಳಗೆ ಮಾತ್ರ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇದೇ ಹೊತ್ತಿಗೆ ದೊಡ್ಡ ತಂತ್ರಜ್ಞಾನವೂ ಬಂತು. ಇಟಲಿಯ ಫಿಯಟ್‌ನವರು ಬೆಳೆಸಿ ಬಾಷ್ ಕೈಗೆ ಕೊಟ್ಟ ಕಾಮನ್ ರೈಲ್ ಪದ್ಧತಿ 1997ರಲ್ಲಿ ಕಾರಿಗೆ ಬಂತು. ಒಂದು ಗಟ್ಟಿ ಕೊಳವೆಯಲ್ಲಿ ಡೀಸೆಲ್ಲನ್ನ 1,350 ಬಾರ್ ಒತ್ತಡದಲ್ಲಿ ಸದಾ ತುಂಬಿಟ್ಟು, ಕಂಪ್ಯೂಟರ್ ಹೇಳಿದ ಕ್ಷಣಕ್ಕೆ ಚಿಮ್ಮಿಸೋದು. ಹನಿ ಬಹಳ ಸಣ್ಣದು, ಉಳಿತಾಯ ನಿಜ. ಆದ್ರೆ ಅಷ್ಟು ಒತ್ತಡದ ಪಂಪಿಗೆ ಡೀಸೆಲ್ಲಿನಲ್ಲಿರೋ ಜಿಡ್ಡೇ ಆಸರೆ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಹಾಕಿದ್ರೆ ಹಳೇ ಪಂಪು ನರಳುತ್ತೆ, ಹೊಸದು ಸತ್ತೇ ಹೋಗುತ್ತೆ. ನೀರು ಸೇರಿದ್ರೂ ಅದೇ ಗತಿ.

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಭಾಗ ಇದ್ದದ್ದು 10ಕ್ಕೆ ಇಳೀತು. ಗಾಡಿಗೆ ಮಸಿ ಹಿಡಿಯೋ ಡಿಪಿಎಫ್ ಜಾಲರಿ ಬಂತು, ದೊಡ್ಡ ಗಾಡಿಗೆ ಯೂರಿಯಾ ನೀರು ಬಂತು. ನಮ್ಮ ಹೊಲಕ್ಕೆ ಸಿಗದ ಯೂರಿಯಾ ಲಾರಿಗೆ ಸಿಗುತ್ತೆ ಅಂತ ತಮಾಷೆ ಮಾಡ್ತೀವಿ. ಅದು ಶುದ್ಧ ನೀರಿನಲ್ಲಿ ನೂರಕ್ಕೆ 32.5 ಭಾಗ ಯೂರಿಯಾ ಕಲಸಿದ್ದು. ಗೊಬ್ಬರದ ಚೀಲದ ಯೂರಿಯಾ ಕಲಸಿ ಹಾಕಿದ್ರೆ ರಿಪೇರಿ ಖರ್ಚಿಗೆ ಒಂದು ಬೆಳೆ ಹೋಗುತ್ತೆ. ಮಸಿ ಜಾಲರಿ ಇರೋ ಗಾಡಿ ಆಗಾಗ ಒಂದಷ್ಟು ದೂರ ಒಂದೇ ಸಮನೆ ಓಡಬೇಕು, ಆಗ ಮಸಿ ಬಿಸಿಗೆ ಸುಟ್ಟುಹೋಗುತ್ತೆ. ತೋಟದಿಂದ ಊರಿಗೆ, ಊರಿಂದ ಡೇರಿಗೆ ಅಂತ ಎರಡು ಎರಡು ಕಿ.ಮೀ. ಮಾತ್ರ ಓಡಿಸೋರಿಗೆ ಜಾಲರಿ ಕಟ್ಟಿ ತೊಂದರೆ ಕೊಡುತ್ತೆ. ಸಾಲ ಮಾಡಿ ಹೊಸದು ತಗೊಳ್ಳೋರು ತಮ್ಮ ಓಡಾಟ ಎಂಥದ್ದು ಅಂತ ಮೊದಲು ನೋಡ್ಕೊಳ್ಳಿ.

ನಾವು ಈಗ ಇಷ್ಟು ಮೈಲೇಜ್ ಮಾತಾಡ್ತಾ ಇರೋದಕ್ಕೆ ಇನ್ನೊಂದು ಇತಿಹಾಸ ಇದೆ. ಬಹಳ ವರ್ಷ ಡೀಸೆಲ್ ಬೆಲೆಯನ್ನ ಸರ್ಕಾರವೇ ಕೆಳಗೆ ಹಿಡಿದಿತ್ತು. 2013ರ ಜನವರಿಯಿಂದ ತಿಂಗಳಿಗೆ 50 ಪೈಸೆ ಅಂದಾಜಿನಲ್ಲಿ ಏರಿಸ್ತಾ ಬಂದು, 2014ರ ಅಕ್ಟೋಬರಿನಲ್ಲಿ ಪೂರ್ತಿ ಕೈಬಿಟ್ರು. 2017ರ ಜೂನ್ ತಿಂಗಳಿಂದ ಬೆಲೆ ದಿನಾ ಬದಲಾಗೋ ಪದ್ಧತಿ ಬಂತು. ಡೀಸೆಲ್ ಅಗ್ಗ ಇದ್ದ ಕಾಲದ ಅಭ್ಯಾಸಗಳು ಹಾಗೇ ಉಳಿದಿವೆ, ಬೆಲೆ ಮಾತ್ರ ಪೆಟ್ರೋಲ್ ಹತ್ತಿರ ಬಂದು ನಿಂತಿದೆ.

ಈಗ ನಮ್ಮ ಬಾಕ್ಸಿನ ಲೆಕ್ಕ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಡೀಸೆಲ್ 90 ರೂಪಾಯಿ, ಮಂಡಿಗೆ ಹೋಗಿ ಬರೋಕೆ 80 ಕಿ.ಮೀ. ಅಂತ ಇಟ್ಕೊಳ್ಳೋಣ. ನಿಮ್ಮ ಊರಿನ ಅಂಕಿ ಹಾಕಿ ನೀವೇ ಮಾಡಿ ನೋಡಿ.

ಸಣ್ಣ ಗಾಡಿ ಲೀಟರಿಗೆ 16 ಕೊಡುತ್ತೆ ಅನ್ನಿ. 80ಕ್ಕೆ 5 ಲೀಟರ್, 450 ರೂಪಾಯಿ. 15 ಕೆಜಿಯ 50 ಬಾಕ್ಸ್ ಹಾಕಿದ್ರೆ 750 ಕೆಜಿ. ಬಾಕ್ಸಿಗೆ 9 ರೂಪಾಯಿ ಬಿತ್ತು.

ಅದೇ ಗಾಡಿ 25 ಬಾಕ್ಸ್ ಹಾಕ್ಕೊಂಡು ಹೋಯ್ತು. ಹಗುರ ಇರೋದ್ರಿಂದ ಲೀಟರಿಗೆ 18 ಕೊಡ್ತು ಅನ್ನಿ. 400 ರೂಪಾಯಿ ಡೀಸೆಲ್. ಮೈಲೇಜ್ ಜಾಸ್ತಿ ಬಂತು ಅಂತ ಖುಷಿ. ಆದ್ರೆ ಬಾಕ್ಸಿಗೆ 16 ರೂಪಾಯಿ!

ಈಗ ಸಾಲ ಮಾಡಿ ಹೊಸ ಗಾಡಿ ತಗೊಂಡ್ರಿ, 50 ಬಾಕ್ಸಿಗೇ ಲೀಟರಿಗೆ 20 ಕೊಡ್ತು. 4 ಲೀಟರ್, 360 ರೂಪಾಯಿ, ಬಾಕ್ಸಿಗೆ 7 ರೂಪಾಯಿ 20 ಪೈಸೆ. ಉಳಿತಾಯ ಒಂದು ಸಲಕ್ಕೆ 90 ರೂಪಾಯಿ. ತಿಂಗಳಿಗೆ 20 ಸಲ ಹೋದ್ರೂ 1,800 ರೂಪಾಯಿ. ಕಂತು ಎಷ್ಟು ಬರುತ್ತೆ ಅಂತ ನಿಮಗೇ ಗೊತ್ತು.

ಕೊನೇದಾಗಿ 407 ತರದ ಗಾಡಿ, ಲೀಟರಿಗೆ 8 ಮಾತ್ರ ಅನ್ನಿ. 10 ಲೀಟರ್, 900 ರೂಪಾಯಿ. ಮೂರು ಮನೆಯವರು ಸೇರಿ 150 ಬಾಕ್ಸ್ ಹಾಕಿದ್ರೆ ಬಾಕ್ಸಿಗೆ 6 ರೂಪಾಯಿ. ಅರ್ಧ ಮೈಲೇಜಿನ ಗಾಡಿ ಎಲ್ಲಕ್ಕಿಂತ ಅಗ್ಗ ಬಿತ್ತು.

ಅಂದ್ರೆ ಅರ್ಧ ಖಾಲಿ ಗಾಡಿಯಷ್ಟು ಡೀಸೆಲ್ ಕುಡಿಯೋ ಇಂಜಿನ್ನು ಇನ್ನೊಂದಿಲ್ಲ. ಪಕ್ಕದ ತೋಟದ ಅಣ್ಣನ ಹತ್ತಿರ "ನಾಳೆ ನಿಮ್ದು ಕೀಳೋದು ಇದೆಯಾ?" ಅಂತ ಒಂದು ಫೋನ್ ಮಾಡಿದ್ರೆ ಸಿಗೋ ಉಳಿತಾಯ, ರುಡಾಲ್ಫ್ ಡೀಸೆಲ್‌ನಿಂದ ಹಿಡಿದು ಕಾಮನ್ ರೈಲ್‌ವರೆಗಿನ ಉಳಿತಾಯಕ್ಕೆ ಹತ್ತಿರ ಹತ್ತಿರ ಬರುತ್ತೆ. ಹಾಗಂತ 750 ಕೆಜಿ ಗಾಡಿಗೆ ಒಂದೂವರೆ ಟನ್ ಹೇರೋದು ಲಾಭ ಅಲ್ಲ. ಬ್ರೇಕು, ಟೈರು, ಪಟ್ಟೆ ಎಲ್ಲಾ ಆ ದುಡ್ಡನ್ನ ವಾಪಸ್ ಕಿತ್ಕೊಳ್ಳುತ್ತವೆ, ಕೆಲವೊಮ್ಮೆ ಜೀವಾನೂ.

ಇನ್ನು ಕೈಲಿರೋ ಗಾಡಿಯಲ್ಲೇ ಏನು ಮಾಡಬಹುದು? ಇತಿಹಾಸ ಕಲಿಸಿದ್ದು ಇಷ್ಟು.

ವೇಗ: ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತೆ. 60ರಿಂದ 80ಕ್ಕೆ ಹೋದ್ರೆ ವೇಗ ಮೂರರಲ್ಲಿ ಒಂದು ಭಾಗ ಜಾಸ್ತಿ, ಗಾಳಿ ತಡೆ ಮಾತ್ರ ಹೆಚ್ಚುಕಮ್ಮಿ 1.8 ಪಟ್ಟು. ಬಾಕ್ಸುಗಳನ್ನ ಕ್ಯಾಬಿನ್ನಿಗಿಂತ ಎತ್ತರ ಪೇರಿಸಿ ಹೆದ್ದಾರೀಲಿ ಓಡಿಸಿದ್ರೆ ಇನ್ನೂ ಕಷ್ಟ. ನರಸಾಪುರದಿಂದ ಮುಳಬಾಗಿಲುವರೆಗೆ ರಸ್ತೆ ಚೆನ್ನಾಗಿದೆ ಅಂತ ಒತ್ತಬೇಡಿ. ಹರಾಜಿಗೆ ಹತ್ತು ನಿಮಿಷ ಮೊದಲೇ ಹೊರಡಿ.

ಟೈರು: 1946ರಲ್ಲಿ ಫ್ರಾನ್ಸಿನ ಮಿಷೆಲಿನ್ ಕಂಪನಿ ಪೇಟೆಂಟ್ ಮಾಡಿದ ರೇಡಿಯಲ್ ಟೈರ್ ಬಂದ ಮೇಲೆ ಉರುಳೋ ತಡೆ ಕಮ್ಮಿಯಾಯ್ತು. ಆದ್ರೆ ಗಾಳಿ ಕಮ್ಮಿ ಇದ್ರೆ ಆ ಲಾಭ ಎಲ್ಲಾ ಹೋಯ್ತು. ವಾರಕ್ಕೊಂದು ಸಲ, ಟೈರ್ ತಣ್ಣಗಿದ್ದಾಗ, ಹೊರೆಗೆ ತಕ್ಕಷ್ಟು ಗಾಳಿ ಹಿಡಿಸಿ.

ಫಿಲ್ಟರು: ಕೊಯ್ಲಿನ ಕಾಲದಲ್ಲಿ ನಮ್ಮ ಮಣ್ಣುರಸ್ತೆ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತೆ. ಹಳೇ ಡೀಸೆಲ್ ಇಂಜಿನ್ನಿಗೆ ಉಸಿರು ಸಾಲದೆ ಕಪ್ಪು ಹೊಗೆ ಬಿಡುತ್ತೆ. ಡೀಸೆಲ್ ಫಿಲ್ಟರ್ ಕೆಳಗಿನ ನೀರು ತೆಗೆಯೋದು ಮರೀಬೇಡಿ.

ನಾಜಲ್: ಕಪ್ಪು ಹೊಗೆ ನಿಲ್ಲದೇ ಇದ್ರೆ ಪಂಪು, ನಾಜಲ್ ಬಿಚ್ಚಿಸಿ ಬೆಂಚಿನ ಮೇಲೆ ಇಟ್ಟು ಕ್ಯಾಲಿಬ್ರೇಷನ್ ಮಾಡೋ ಅಂಗಡಿಗೇ ಕೊಡಿ. ಸ್ಕ್ರೂ ತಿರುಗಿಸಿ "ಪಿಕಪ್ ಜಾಸ್ತಿ ಮಾಡಿಕೊಡ್ತೀನಿ" ಅನ್ನೋರ ಹತ್ತಿರ ಹೋಗಬೇಡಿ. ಅವರು ಜಾಸ್ತಿ ಮಾಡೋದು ಡೀಸೆಲ್ಲನ್ನ.

ನ್ಯೂಟ್ರಲ್: ಮೊಗಿಲಿ ಘಾಟಿನಂಥ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದ್ರೆ ಉಳಿಯುತ್ತೆ ಅನ್ನೋ ನಂಬಿಕೆ ಇನ್ನೂ ಇದೆ. ಡೀಸೆಲ್ ಇಂಜಿನ್ನಿನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲೇಟರ್ ಬಿಟ್ರೆ, ಗಾಡಿಯೇ ಇಂಜಿನ್ನನ್ನ ತಿರುಗಿಸುತ್ತೆ, ಪಂಪು ಡೀಸೆಲ್ ಕಳಿಸೋದನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್ಲಿನಲ್ಲಿ ಇಂಜಿನ್ ಆರದೇ ಇರೋಕೆ ಡೀಸೆಲ್ ಕುಡೀತಾನೇ ಇರುತ್ತೆ. ಇನ್ನು ಇಂಜಿನ್ನೇ ಆಫ್ ಮಾಡಿದ್ರೆ ಬ್ರೇಕಿಗೆ ಸಹಾಯ ಮಾಡೋ ವ್ಯಾಕ್ಯೂಮ್ ಹೋಗಿ ಪೆಡಲ್ ಕಲ್ಲಾಗುತ್ತೆ. ಡೀಸೆಲ್ಲೂ ಉಳಿಯಲ್ಲ, ಮನುಷ್ಯನೂ ಉಳಿಯಲ್ಲ.

ಸಾಲಿನಲ್ಲಿ ನಿಂತಾಗ: ಮಂಡಿ ಗೇಟಿನ ಮುಂದೆ ಇಂಜಿನ್ ಆನ್ ಇಟ್ಕೊಂಡು ನಿಲ್ಲೋ ಸಣ್ಣ ಗಾಡಿ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯುತ್ತೆ. ಬ್ಯಾಟರಿ ಚೆನ್ನಾಗಿಟ್ಕೊಂಡ್ರೆ ಧೈರ್ಯವಾಗಿ ಆಫ್ ಮಾಡಬಹುದು.

ಇದಕ್ಕೆಲ್ಲ ಬೇಕಾಗಿರೋದು ಒಂದು ನೂರು ಪುಟದ ನೋಟ್ ಪುಸ್ತಕ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿದಾಗ ಕಿ.ಮೀ., ಲೀಟರ್, ಆ ನಡುವೆ ಸಾಗಿಸಿದ ಬಾಕ್ಸ್, ಮೂರು ಅಂಕಿ ಬರೆದಿಡಿ. ನಾನು ಬರೀತೀನಿ. ಮೈಲೇಜ್ ಇದ್ದಕ್ಕಿದ್ದ ಹಾಗೆ ಬಿದ್ರೆ ಬ್ರೇಕ್ ಹಿಡಿದಿದೆಯಾ, ಫಿಲ್ಟರ್ ಕಟ್ಟಿದೆಯಾ ಅಂತ ಆ ಪುಸ್ತಕ ಮೆಕ್ಯಾನಿಕ್‌ಗಿಂತ ಮೊದಲು ಹೇಳುತ್ತೆ. ಗಾಡಿ ಮಾರಬೇಕಾ ಇಟ್ಕೋಬೇಕಾ ಅನ್ನೋದನ್ನೂ ಶೋರೂಮಿನವರ ಬಾಯಿಂದ ಅಲ್ಲ, ಆ ಪುಸ್ತಕದಿಂದ ತೀರ್ಮಾನ ಮಾಡಿ.

ಮುಂದಿನ ಕೊಯ್ಲು ಶುರುವಾಗೋಕೆ ಮೊದಲು ನಮ್ಮ ಸುತ್ತಿನ ನಾಲ್ಕೈದು ಹಳ್ಳಿಯವರು ಯಾವ ದಿನ ಯಾರ ತೋಟ ಕೀಳೋದು ಅಂತ ಒಂದು ಪಟ್ಟಿ ಮಾಡಿಕೊಂಡ್ರೆ, ಒಂದು ಗಾಡಿನೂ ಅರ್ಧ ಖಾಲಿ ಹೋಗಲ್ಲ. ಸಂಜೆ ಹಾಲು ಹಾಕೋಕೆ ಡೇರಿ ಹತ್ತಿರ ಬಂದಾಗ ನಿಮ್ಮ ನಿಮ್ಮ ಲೆಕ್ಕ ತನ್ನಿ, ಕೂತು ಮಾತಾಡೋಣ.